ಆಟೋಮ್ಯಾಟಿಕ್ ಕಾರು ಮುನಿಸಿಕೊಂಡಾಗ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರು ಕಟ್ಟಿಕೊಂಡು, ಅಳತೆ ಮೀರಿ ಕಬ್ಬು ಹೇರಿಕೊಂಡು, ಒಂದರ ಹಿಂದೊಂದು ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಅವುಗಳ ವೇಗ ಎಷ್ಟೆಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಹಿಂದೆ ಬರುವ ಬಸ್ಸು, ಕಾರು, ಮೋಟಾರ್ ಸೈಕಲ್ಲುಗಳು ಹಿಂದಿಕ್ಕುವ ಅವಕಾಶಕ್ಕಾಗಿ ಕಾಯುತ್ತ ತೆವಳಬೇಕು. ಅವಕಾಶ ಸಿಕ್ಕ ಆ ಕೆಲವು ಕ್ಷಣಗಳಲ್ಲಿ ಚಾಲಕ ಕಾಲಿನಿಂದ ಆಕ್ಸಿಲರೇಟರ್ ಒತ್ತುತ್ತಾನೆ. ಕಾರು ಮುಂದೆ ಜಿಗಿಯಬೇಕು. ಜಿಗಿಯದಿದ್ದರೆ?

'ಗಾಡಿ ಎಳಿವಲ್ದು' ಎಂಬ ದೂರು ಈ ಸೀಮೆಯ ಗ್ಯಾರೇಜುಗಳಿಗೆ ಹೊಸದಲ್ಲ. ಆದರೆ ಈಗ ಆ ದೂರಿನೊಡನೆ ಬರುವ ಗಾಡಿಗಳಲ್ಲಿ ಕ್ಲಚ್ ಪೆಡಲ್ಲಿಲ್ಲದ ಆಟೋಮ್ಯಾಟಿಕ್ ಕಾರುಗಳೂ ಇವೆ. ಮಾರುತಿ ಸುಜುಕಿ ಕಂಪನಿ 2014ರಲ್ಲಿ ಸೆಲೆರಿಯೊ ಕಾರಿನೊಡನೆ ಕಡಿಮೆ ಬೆಲೆಯ ಆಟೋಮ್ಯಾಟಿಕ್ ವ್ಯವಸ್ಥೆಯನ್ನು ತಂದ ಮೇಲೆ ಇಂಥ ಕಾರುಗಳು ಮಧ್ಯಮ ವರ್ಗದ ಮನೆಗಳಿಗೂ ಬಂದವು. ಅಂದು ಹೊಸದಾಗಿದ್ದ ಕಾರುಗಳಿಗೆ ಈಗ ಹತ್ತು ವರ್ಷ ದಾಟಿದೆ. ದೊಡ್ಡ ಊರುಗಳಲ್ಲಿ ಓಡಿ ಸವೆದು, ಕೈ ಬದಲಾಗಿ, ಸಣ್ಣ ಊರುಗಳಿಗೆ ಬರುವ ಕಾಲ ಇದು. ಇಂಥ ಕಾರು ಹಟ ಹಿಡಿದಾಗ 'ಗೇರ್ ಬಾಕ್ಸ್ ಹೋಗಿದೆ' ಎಂಬ ಮಾತು ಬಲುಬೇಗ ಹೊರಬೀಳುತ್ತದೆ. ಹತ್ತಾರು ಸಾವಿರ ರೂಪಾಯಿಯ ಆ ಮಾತನ್ನು ಕೇಳಿ ಮನೆಯ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಎಷ್ಟೋ ಸಲ ದೋಷವಿರುವುದು ಗೇರ್ ಬಾಕ್ಸಿನಲ್ಲಿ ಅಲ್ಲವೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ರೋಗ ಯಾವುದೆಂದು ತಿಳಿಯುವ ಮೊದಲು ಔಷಧ ಕೊಡಬಾರದು. ಕಾರಿನ ವಿಷಯದಲ್ಲಿಯೂ ಇದೇ ನಿಯಮ. ಇದಕ್ಕೆ ಬೇಕಾದ ವಿಜ್ಞಾನ ಹೈಸ್ಕೂಲು ಪಾಠದಾಚೆಯದೇನೂ ಅಲ್ಲ.

ಲೆಕ್ಕ ಹೇಳುವ ಅಪಾಯ

ಮೊದಲು ಒಂದು ಸಣ್ಣ ಲೆಕ್ಕ. ಟ್ರ್ಯಾಕ್ಟರು ತಾಸಿಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಟ್ರೇಲರುಗಳ ಉದ್ದ, ಹಿಂದೆ ಮತ್ತು ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಕಾರು ಅದಕ್ಕಿಂತ 45 ಮೀಟರ್ ಹೆಚ್ಚು ಕ್ರಮಿಸಬೇಕು. ಆರೋಗ್ಯವಂತ ಕಾರು ಸರಾಸರಿ 50 ಕಿ.ಮೀ. ವೇಗ ಪಡೆದರೆ ಇಬ್ಬರ ವೇಗದ ವ್ಯತ್ಯಾಸ ತಾಸಿಗೆ 30 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್. ಹಿಂದಿಕ್ಕಲು 5.4 ಸೆಕೆಂಡು ಸಾಕು. ಸೋಮಾರಿ ಕಾರು 40 ಕಿ.ಮೀ. ಸರಾಸರಿಯನ್ನಷ್ಟೇ ಮುಟ್ಟಿದರೆ ವ್ಯತ್ಯಾಸ 20 ಕಿ.ಮೀ.ಗೆ ಇಳಿಯುತ್ತದೆ. ಆಗ ಬೇಕಾಗುವ ಸಮಯ 8.1 ಸೆಕೆಂಡು.

ಮೂರು ಸೆಕೆಂಡು ಕೂಡ ಇಲ್ಲ, ಅದೇನು ಮಹಾ ಎನ್ನಬಹುದು. ಎದುರಿನಿಂದ 60 ಕಿ.ಮೀ. ವೇಗದಲ್ಲಿ ಬಸ್ಸೊಂದು ಬರುತ್ತಿದ್ದರೆ ಅದು ಮೊದಲನೆಯ ಸಂದರ್ಭದಲ್ಲಿ 90 ಮೀಟರ್, ಎರಡನೆಯದರಲ್ಲಿ 135 ಮೀಟರ್ ಹತ್ತಿರ ಬಂದಿರುತ್ತದೆ. ಕಾರು ತಾನೇ ಕ್ರಮಿಸುವ ದಾರಿಯನ್ನೂ ಕೂಡಿಸಿದರೆ ಮೊದಲನೆಯದಕ್ಕೆ 165 ಮೀಟರ್ ಖಾಲಿ ರಸ್ತೆ ಬೇಕು. ಎರಡನೆಯದಕ್ಕೆ 225 ಮೀಟರ್. ಎಷ್ಟೋ ವರ್ಷದಿಂದ ಅದೇ ಕಾರು ಓಡಿಸುತ್ತಿರುವವರ ಕಣ್ಣಿನ ಅಂದಾಜು ಮಾತ್ರ ಹಳೆಯ 165 ಮೀಟರಿನದೇ ಆಗಿರುತ್ತದೆ. ಕಾರಿನ ಶಕ್ತಿ ದಿನಕ್ಕಿಷ್ಟಿಷ್ಟೇ ಕುಗ್ಗುವುದರಿಂದ ಅದು ಗಮನಕ್ಕೆ ಬರುವುದಿಲ್ಲ. ಹೀಗಾಗಿ 'ಪಿಕಪ್ ಕಡಿಮೆಯಾಗಿದೆ' ಎಂಬುದು ಪ್ರಾಣಕ್ಕೆ ಸಂಬಂಧಿಸಿದ ದೂರು. ದೋಷ ಪತ್ತೆಯಾಗಿ ಸರಿಯಾಗುವವರೆಗೆ ಹಿಂದಿಕ್ಕದೆ ಇರುವುದೇ ಜಾಣತನ.

ಮೂರು ತೆರನ ಗಾಡಿಗಳು

ಆಟೋಮ್ಯಾಟಿಕ್ ಕಾರೆಂದರೆ 'ಗೇರಿಲ್ಲದ ಕಾರು' ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಗೇರುಗಳು ಇರುತ್ತವೆ, ಅವನ್ನು ಬದಲಿಸುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಅದು ಹೇಗೆ ಮಾಡುತ್ತದೆ ಎಂಬುದರ ಮೇಲೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಹಳೆಯ ಆಟೋಮ್ಯಾಟಿಕ್ ಕಾರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಟಾರ್ಕ್ ಕನ್ವರ್ಟರ್ ಇರುವ ಕಾರು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗುತ್ತವೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ, ಅದು ಎಸೆದ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದ್ದು, ಮರಳಿ ಬರುವ ಎಣ್ಣೆಯನ್ನು ಸರಿದಿಕ್ಕಿಗೆ ತಿರುಗಿಸಿ ಎಳೆತವನ್ನು ಹೆಚ್ಚಿಸುತ್ತದೆ. ಈ ತತ್ವಕ್ಕೆ ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿಯೇ ಪೇಟೆಂಟ್ ಪಡೆದಿದ್ದ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಸ್ವಯಂಚಾಲಿತ ಗೇರ್ ಬಾಕ್ಸ್ ಅಮೆರಿಕದ ಜನರಲ್ ಮೋಟಾರ್ಸ್‌ನ 'ಹೈಡ್ರಾಮ್ಯಾಟಿಕ್'. ಅದು ಬಂದದ್ದು 1939ರಲ್ಲಿ.

ಎರಡನೆಯದು ಸಿವಿಟಿ. ಇದರಲ್ಲಿ ಹಲ್ಲಿನ ಚಕ್ರಗಳ ಬದಲು ಎರಡು ರಾಟೆಗಳ ನಡುವೆ ಬೆಲ್ಟು ಓಡುತ್ತದೆ. ರಾಟೆಗಳ ಅಗಲ ಹೆಚ್ಚು ಕಡಿಮೆಯಾದಂತೆ ಗೇರಿನ ಅನುಪಾತ ಬದಲಾಗುತ್ತ ಹೋಗುತ್ತದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಇಂಥ ಕಾರನ್ನು ಜನರ ಮುಂದಿಟ್ಟಿತು. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿರುವುದೂ ಇದೇ ತತ್ವ.

ಮೂರನೆಯದು ಎಎಂಟಿ. ಇದು ಸಾಮಾನ್ಯ ಕಾರಿನದೇ ಗೇರ್ ಬಾಕ್ಸು, ಅದೇ ಕ್ಲಚ್ಚು. ಚಾಲಕನ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಒಂದು ಸಾಧನ ಮಾಡುತ್ತದೆ. ಸೆಲೆರಿಯೊದಲ್ಲಿ ಬಂದದ್ದು ಇದೇ.

ಈ ವಿಂಗಡಣೆ ಏಕೆ ಮುಖ್ಯವೆಂದರೆ, ಒಂದಕ್ಕೆ ಸಹಜವಾದದ್ದು ಇನ್ನೊಂದಕ್ಕೆ ರೋಗ. ಎಎಂಟಿ ಕಾರು ಗೇರು ಬದಲಿಸುವಾಗ ಒಂದು ಕ್ಷಣ ಉಸಿರು ಹಿಡಿದಂತೆ ನಿಧಾನಿಸುತ್ತದೆ. ಅದು ಅದರ ಹುಟ್ಟುಗುಣ. ಸಿವಿಟಿ ಕಾರಿನಲ್ಲಿ ಮೊದಲು ಎಂಜಿನ್ನಿನ ಸದ್ದು ಏರಿ ಆಮೇಲೆ ವೇಗ ಬರುತ್ತದೆ. ಅದೂ ಸಹಜವೇ. ಸಾಮಾನ್ಯ ಕಾರಿಗೆ ಒಗ್ಗಿದವರು ಇವೆರಡನ್ನೂ ದೋಷವೆಂದು ಭಾವಿಸಿ ಗ್ಯಾರೇಜಿಗೆ ಓಡುವುದುಂಟು. ಹಳೆಯ ಆಟೋಮ್ಯಾಟಿಕ್ ಕಾರುಗಳಿಂದ ಮುಧೋಳದ ಬೇಟೆನಾಯಿಯ ಓಟವನ್ನು ಬಯಸಲಾಗದು. ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ಹೋಲಿಕೆಯೇ ಸರಿಯಾದ ಅಳತೆಗೋಲು.

ಪಂಪ್‌ಸೆಟ್ಟು ಕಲಿಸುವ ಪಾಠ

ಘಟಪ್ರಭಾ, ಕೃಷ್ಣಾ ದಂಡೆಯ ರೈತನಿಗೆ ಪಂಪ್‌ಸೆಟ್ಟಿನ ದೋಷ ಹುಡುಕುವುದನ್ನು ಯಾರೂ ಕಲಿಸಬೇಕಿಲ್ಲ. ನೀರು ಕಡಿಮೆ ಬಂದರೆ ಆತ ಮೊದಲು ಮೋಟಾರಿನ ಸದ್ದು ಕೇಳುತ್ತಾನೆ. ಮೋಟಾರೇ ನರಳುತ್ತಿದ್ದರೆ ದೋಷ ಕರೆಂಟಿನಲ್ಲಿ ಅಥವಾ ಮೋಟಾರಿನಲ್ಲಿ. ಮೋಟಾರು ಭರ್ರೆಂದು ತಿರುಗುತ್ತಿದ್ದೂ ನೀರು ಬಾರದಿದ್ದರೆ ದೋಷ ಪಂಪಿನಲ್ಲಿ, ಫುಟ್‌ವಾಲ್ವಿನಲ್ಲಿ. ಎರಡೂ ಸರಿಯಿದ್ದರೆ ಪೈಪಿನಲ್ಲಿ ಏನೋ ಅಡ್ಡಿಯಾಗಿದೆ. ಕಾರಿಗೂ ಇಷ್ಟೇ ತರ್ಕ ಸಾಕು. ಶಕ್ತಿ ಹುಟ್ಟುತ್ತಿಲ್ಲವೇ? ಹುಟ್ಟಿದ್ದು ಚಕ್ರಕ್ಕೆ ಮುಟ್ಟುತ್ತಿಲ್ಲವೇ? ಮುಟ್ಟಿದರೂ ಚಕ್ರವನ್ನು ಏನಾದರೂ ಹಿಡಿದೆಳೆಯುತ್ತಿದೆಯೇ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವ ಮುಳ್ಳೊಂದು ಅನೇಕ ಕಾರುಗಳಲ್ಲಿ ಚಾಲಕನ ಎದುರೇ ಇರುತ್ತದೆ. ಅದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರು. ಲೈಸೆನ್ಸ್ ಇರುವ ಅನುಭವಿ ಚಾಲಕರು ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಹಗಲಿನಲ್ಲಿ, ಕಾನೂನು ಒಪ್ಪುವ ವೇಗದೊಳಗೇ ಗಾಡಿ ಓಡಿಸಬೇಕು. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಎರಡೂ ಮುಳ್ಳುಗಳನ್ನು ನೋಡಿ ಬರೆದುಕೊಳ್ಳಬೇಕು. ಹದಿನೆಂಟು ತುಂಬದ ವಿದ್ಯಾರ್ಥಿ ಬರೆದುಕೊಳ್ಳುವ ಕೆಲಸವನ್ನಷ್ಟೇ ಮಾಡಬಹುದು.

ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಸರ್ರನೆ ಏರಿ, ವೇಗದ ಮುಳ್ಳು ಅದನ್ನು ಅನುಸರಿಸದಿದ್ದರೆ, ಶಕ್ತಿ ದಾರಿಯಲ್ಲಿ ಜಾರುತ್ತಿದೆ. ಅನುಮಾನ ಕ್ಲಚ್ಚು ಅಥವಾ ಗೇರ್ ಬಾಕ್ಸಿನ ಮೇಲೆ. ಆರ್‌ಪಿಎಂ ಮುಳ್ಳೇ ಏರಲು ಒಲ್ಲೆನೆಂದರೆ ಅನುಮಾನ ಎಂಜಿನ್ ಮೇಲೆ. ನಿಂತಲ್ಲಿಂದ ಹೊರಡುವಾಗ ಮಾತ್ರ ಬಹಳ ಭಾರವಾಗಿ, ಗೇರು ಬದಲಾದ ಸುಳಿವೇ ಸಿಗದಿದ್ದರೆ, ಗೇರ್ ಬಾಕ್ಸಿನ ಕಂಪ್ಯೂಟರು ಏನೋ ದೋಷ ಕಂಡು ಒಂದೇ ಗೇರಿಗೆ ಅಂಟಿಕೊಂಡಿರಬಹುದು. ಇದಕ್ಕೆ ಕುಂಟು ನಡಿಗೆಯ ಸ್ಥಿತಿ ಎನ್ನಬಹುದು. ಯಂತ್ರ ಮತ್ತಷ್ಟು ಕೆಡದಂತೆ, ಹೇಗೋ ಮನೆ ಮುಟ್ಟಲಿ ಎಂದು ತಯಾರಕರೇ ಮಾಡಿಟ್ಟ ಏರ್ಪಾಡು ಇದು. ಸಿವಿಟಿಯಲ್ಲಿ ಆರ್‌ಪಿಎಂ ಮೊದಲು ಏರುವುದು ಸಹಜವಾದ್ದರಿಂದ ಅದರ ಪರೀಕ್ಷೆಯಲ್ಲಿ ಹೆಚ್ಚು ಎಚ್ಚರ ಬೇಕು.

ಮೂರನೆಯ ಪ್ರಶ್ನೆಗೆ ಮೀಟರೂ ಬೇಡ. ಮಟ್ಟಸವಾದ ನೆಲದ ಮೇಲೆ ಕಾರು ನಿಲ್ಲಿಸಿ, ಒಬ್ಬರು ಚಾಲಕನ ಜಾಗದಲ್ಲಿ ಕುಳಿತು, ಗೇರನ್ನು 'ಎನ್'ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಡಬೇಕು. ಇಬ್ಬರು ನೂಕಿದರೆ ಸಣ್ಣ ಕಾರು ಸಲೀಸಾಗಿ ಉರುಳಬೇಕು. ಮಿಸುಕದಿದ್ದರೆ ಬ್ರೇಕು ಅಂಟಿಕೊಂಡಿದೆ, ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿದಿದೆ ಅಥವಾ ಟೈರುಗಳಲ್ಲಿ ಗಾಳಿ ಇಳಿದಿದೆ. ಒಂದು ಸುತ್ತು ಓಡಿಸಿ ಬಂದ ಮೇಲೆ ಒಂದೇ ಚಕ್ರದ ಬಳಿ ಉಳಿದವಕ್ಕಿಂತ ಹೆಚ್ಚು ಝಳ ಬರುತ್ತಿದ್ದರೂ ಅದೇ ಅರ್ಥ. ಚಕ್ರವನ್ನು ಮಾತ್ರ ಮುಟ್ಟಬಾರದು, ಕೈ ಸುಟ್ಟೀತು.

ಗಾಳಿ, ಇಂಧನ, ಕಿಡಿ

ಅನುಮಾನ ಎಂಜಿನ್ ಮೇಲೆ ಬಂತೆನ್ನೋಣ. ಕಾಸಿಲ್ಲದ ಪರೀಕ್ಷೆಗಳು ಮೊದಲು. ಕಾಲಡಿಯ ಮ್ಯಾಟು ಸರಿದು ಆಕ್ಸಿಲರೇಟರ್ ಪೆಡಲಿನ ಹಿಂದೆ ಸಿಕ್ಕಿಕೊಂಡಿದ್ದರೆ ಪೆಡಲು ಪೂರ್ತಿ ಒತ್ತುವುದೇ ಇಲ್ಲ. ಇಂಥ ಕ್ಷುಲ್ಲಕ ಕಾರಣಕ್ಕೆ ಎಂಜಿನ್ ಬಿಚ್ಚಿಸುವುದು ಬೇಡ. ಎ.ಸಿ. ಬಂದ್ ಮಾಡಿ ನೋಡಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಐದು ಜನ ಕುಳಿತು ಎ.ಸಿ. ಹಾಕಿದರೆ ಒಂದು ಲೀಟರಿನ ಪುಟ್ಟ ಎಂಜಿನ್ನು ಏದುಸಿರು ಬಿಡುವುದು ಸಹಜ.

ಪೆಟ್ರೋಲ್ ಎಂಜಿನ್ನಿಗೆ ಮೂರು ಆಹಾರ: ಗಾಳಿ, ಇಂಧನ, ಕಿಡಿ. ಒಂದು ಗ್ರಾಮ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಮ್ ಗಾಳಿ ಬೇಕು. ಕಬ್ಬಿನ ಗದ್ದೆಯ ದಾರಿಗಳ ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಮುಚ್ಚಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಅದರ ಸ್ಥಿತಿ ತಿಳಿಯುತ್ತದೆ. ಅದಾದ ಮೇಲೆ ಗಾಳಿಯ ಬಾಗಿಲಾದ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿ, ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಕೊಳೆ ನೋಡಬೇಕು.

ಇಂಧನದ ದೋಷಕ್ಕೆ ಅದರದೇ ಲಕ್ಷಣವಿದೆ. ನಿಧಾನವಾಗಿ ಹೋಗುವಾಗ ಎಲ್ಲವೂ ಸರಿ, ಜೋರಾಗಿ ಒತ್ತಿದಾಗ ಮಾತ್ರ ಎಂಜಿನ್ ತಡವರಿಸುತ್ತದೆ. ಕಡಿಮೆ ಬೇಡಿಕೆಯನ್ನು ಪೂರೈಸುವ ಮುದಿ ಪಂಪು ಹೆಚ್ಚಿನ ಬೇಡಿಕೆ ಬಂದಾಗ ಸೋಲುತ್ತದೆ. ಪಂಪಿನ ಒತ್ತಡವನ್ನು ಗೇಜ್ ಹಾಕಿ ಅಳೆದು, ಕಂಪನಿಯ ಕೈಪಿಡಿಯಲ್ಲಿರುವ ಅಂಕಿಯೊಡನೆ ಹೋಲಿಸಿ ನೋಡಿದರೆ ಅನುಮಾನ ನಿವಾರಣೆಯಾಗುತ್ತದೆ.

ಕಿಡಿ ತಪ್ಪಿದರೆ ಕಾರು ನಡುಗುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಉರಿಯದಿದ್ದರೆ ಮೂರನೆಯ ಒಂದು ಪಾಲು ಶಕ್ತಿ ಖೋತಾ. ಸವೆದ ಸ್ಪಾರ್ಕ್ ಪ್ಲಗ್ಗು ಅಥವಾ ದಣಿದ ಇಗ್ನಿಷನ್ ಕಾಯಿಲ್ ಇದಕ್ಕೆ ಕಾರಣವಾಗಿರುವುದೇ ಹೆಚ್ಚು. ಎರಡೂ ಗೇರ್ ಬಾಕ್ಸಿನ ಬೆಲೆಯ ಮುಂದೆ ಏನೇನೂ ಅಲ್ಲ.

ಒಳಗೆ ಬರುವ ಗಾಳಿಯಷ್ಟೇ ಹೊರಗೆ ಹೋಗುವ ಹೊಗೆಯೂ ಮುಖ್ಯ. ನಮ್ಮ ದೇಶದಲ್ಲಿ 1995ರಿಂದ, ಮೊದಲು ನಾಲ್ಕು ಮಹಾನಗರಗಳಲ್ಲಿ, ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಹೊಗೆಯ ವಿಷವನ್ನು ಕಡಿಮೆ ಮಾಡುವ, ಜೇನುಹುಟ್ಟಿನಂಥ ರಂಧ್ರಗಳ ಈ ಸಾಧನ ಹಳೆಯದಾಗಿ ಕರಗಿ ಮುಚ್ಚಿಕೊಂಡರೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಿದಂತೆ ಎಂಜಿನ್ನು ಒಂದು ಮಟ್ಟದವರೆಗೆ ಏರಿ ಅಲ್ಲಿಯೇ ಸೋಲುತ್ತದೆ. ಇದನ್ನು ಒತ್ತಡದ ಗೇಜಿನಿಂದ ಅಳೆಯಬಹುದು. ಕನ್ವರ್ಟರ್ ಕೆಟ್ಟಿದ್ದೇಕೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ಕಿಡಿ ತಪ್ಪಿ ಉರಿಯದೆ ಹೋದ ಪೆಟ್ರೋಲು ಅದರೊಳಗೆ ಉರಿದು ಅದನ್ನು ಸುಟ್ಟಿರಬಹುದು. ಆಗ ಪ್ಲಗ್ಗಿನ ದೋಷ ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಸುಡುತ್ತದೆ.

ಎಲ್ಲ ಸರಿಯಿದ್ದೂ ಎಂಜಿನ್ ಸೋಲುತ್ತಿದ್ದರೆ ಸಿಲಿಂಡರುಗಳ ಕಂಪ್ರೆಷನ್ ಅಳೆಯುವುದು ಕೊನೆಯ ಹೆಜ್ಜೆ. ಸವೆದ ರಿಂಗು, ಸೋರುವ ವಾಲ್ವುಗಳ ಗುಟ್ಟು ಅಲ್ಲಿ ಬಯಲಾಗುತ್ತದೆ.

ತಪ್ಪು ಎಥೆನಾಲಿನದೇ?

ಈಗ ಗ್ಯಾರೇಜು, ಪೆಟ್ರೋಲ್ ಬಂಕು, ಚಹಾದ ಅಂಗಡಿಗಳಲ್ಲಿ ಹಳೆಯ ಕಾರಿನ ಎಲ್ಲ ರೋಗಕ್ಕೂ ಎಥೆನಾಲ್ ಬೆರೆತ ಪೆಟ್ರೋಲೇ ಕಾರಣವೆಂಬ ಮಾತು ಕೇಳಿಬರುತ್ತದೆ. ಕಬ್ಬಿನ ಸೀಮೆಗೆ ಇದು ತನ್ನ ಮನೆಯದೇ ವಿಷಯ. ಮುಧೋಳದಲ್ಲಿ, ಸಮೀರವಾಡಿಯಲ್ಲಿ ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲ, ಎಥೆನಾಲೂ ತಯಾರಾಗುತ್ತದೆ. ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಹಾಗಾದರೆ ತಮ್ಮ ಹೊಲದ ಕಬ್ಬೇ ತಮ್ಮ ಕಾರಿನ ಕಾಲು ಹಿಡಿದೆಳೆಯುತ್ತಿದೆಯೇ?

ಇದಕ್ಕೂ ಲೆಕ್ಕವೇ ಉತ್ತರ. ಒಂದು ಲೀಟರ್ ಎಥೆನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿಯಿದೆ. ಐದರಲ್ಲಿ ಒಂದು ಪಾಲು ಬೆರೆತಾಗ ಲೀಟರಿಗೆ ಒಟ್ಟು ನಷ್ಟ ಶೇ. 6ರಿಂದ 7. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಇಷ್ಟೇ ಪ್ರಮಾಣದಲ್ಲಿ ಇಳಿಯಬಹುದೆಂದು ಹೇಳಲಾಗಿದೆ. ಇದು ಮುಖ್ಯವಾಗಿ ಮೈಲೇಜಿನ ನಷ್ಟ. ಎಂಜಿನ್ನಿನ ಕಂಪ್ಯೂಟರು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು, ತನ್ನ ಮಿತಿಯೊಳಗೆ ಹೆಚ್ಚು ಇಂಧನ ಸುರಿದು ಶಕ್ತಿಯನ್ನು ಸರಿದೂಗಿಸಲು ಯತ್ನಿಸುತ್ತದೆ. ಹಾಗಾಗಿ ಕಾರಿನ ಎಳೆತ ಅರ್ಧಕ್ಕರ್ಧ ಇಳಿದಿದ್ದರೆ ಬೆರಕೆಯೊಂದನ್ನೇ ದೂರಿ ಪ್ರಯೋಜನವಿಲ್ಲ.

ಹಾಗೆಂದು ಎಥೆನಾಲ್ ಪೂರ್ತಿ ನಿರಪರಾಧಿಯೂ ಅಲ್ಲ. ಅದು ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಇದರಿಂದ ತೊಂದರೆಯಾಗಬಹುದು. ಹಳೆಯ ರಬ್ಬರ್ ಪೈಪು, ಸೀಲುಗಳು ಅದನ್ನು ತಡೆಯಲಾರದೆ ಬಿರಿಯಬಹುದು. ಸರ್ಕಾರದ ನೀಲನಕ್ಷೆಯಂತೆ ಶೇ. 20ರ ಬೆರಕೆಯನ್ನು ತಾಳುವ ಬಿಡಿಭಾಗಗಳ ವಾಹನಗಳು ಬರಬೇಕಾದದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಹಳೆಯ ಕಾರಿನವರು ಕೈಪಿಡಿ ಓದಿ, ಪೈಪುಗಳನ್ನು ಆಗಾಗ ಪರೀಕ್ಷಿಸುವುದು ಲೇಸು. ಇನ್ನೊಂದು ಮಾತು: ಬೆರಕೆಯ ಪೆಟ್ರೋಲನ್ನು ಹೆಚ್ಚು ಸುರಿಯಬೇಕಾದಾಗ ಮೊದಲೇ ದಣಿದಿದ್ದ ಪಂಪಿನ ದೌರ್ಬಲ್ಯ ಎದ್ದು ಕಾಣುತ್ತದೆ. ಆಗ ನೆಪ ಎಥೆನಾಲಿನದು, ರೋಗ ಪಂಪಿನದು.

ಗೇರ್ ಬಾಕ್ಸಿನ ಸರದಿ

ಜಾರುವಿಕೆ ಖಚಿತವಾದಾಗ ಮಾತ್ರ ಗೇರ್ ಬಾಕ್ಸಿನ ಸರದಿ. ಅಲ್ಲಿಯೂ ಮೊದಲು ಎಣ್ಣೆ. ಟಾರ್ಕ್ ಕನ್ವರ್ಟರ್ ಕಾರಿನ ಎಣ್ಣೆ ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಕ್ಲಚ್ ಬಿಲ್ಲೆಗಳು ಸವೆದಿವೆ ಎಂದರ್ಥ. ಎಣ್ಣೆಯ ಮಟ್ಟ ಕಡಿಮೆಯಾದರೂ ಒತ್ತಡ ಸಾಲದೆ ಜಾರುತ್ತದೆ. ಅನೇಕ ಕಾರುಗಳಲ್ಲಿ ಇದನ್ನು ಅಳೆಯುವ ಕಡ್ಡಿಯೇ ಇರುವುದಿಲ್ಲ. ಇದ್ದರೂ ಎಂಜಿನ್ ಬಿಸಿಯಿರುವಾಗ ಅಳೆಯಬೇಕೋ, ಚಾಲೂ ಇರುವಾಗ ಅಳೆಯಬೇಕೋ ಎಂಬುದನ್ನು ಕೈಪಿಡಿಯೇ ಹೇಳಬೇಕು. ಸಿವಿಟಿಗೆ ಅದರದೇ ಬೇರೆ ಎಣ್ಣೆ ಬೇಕು. 'ಆಟೋಮ್ಯಾಟಿಕ್ ಅಲ್ಲವೇ, ಯಾವುದಾದರೇನು' ಎಂದು ಸಿಕ್ಕ ಎಣ್ಣೆ ಸುರಿದರೆ ಬದುಕಿದ್ದ ಗೇರ್ ಬಾಕ್ಸನ್ನೂ ಕೊಂದಂತೆ.

ಟಾರ್ಕ್ ಕನ್ವರ್ಟರಿನ ಸ್ಟೇಟರ್ ಕೆಟ್ಟರೆ ಕಾಣುವ ಲಕ್ಷಣ ಸ್ವಾರಸ್ಯಕರವಾದದ್ದು. ಅದು ಒಂದೇ ದಿಕ್ಕಿಗೆ ತಿರುಗುವಂತೆ ತಡೆಯುವ ಭಾಗ ಕೆಟ್ಟು ಎರಡೂ ಕಡೆ ತಿರುಗತೊಡಗಿದರೆ, ಕಾರು ಹೊರಡುವಾಗ ಸೋಮಾರಿ, ವೇಗ ಪಡೆದ ಮೇಲೆ ಸರಿ. ಅದೇ ಭಾಗ ಬಿಗಿದುಕೊಂಡರೆ ಹೊರಡುವಾಗ ಸರಿ, ಹೆದ್ದಾರಿಯಲ್ಲಿ ಸೋಮಾರಿ. ಕೊರ್ತಿ-ಕೊಲ್ಹಾರ ಸೇತುವೆ ದಾಟಿ ವಿಜಯಪುರದ ಹೆದ್ದಾರಿ ಹಿಡಿದವರಿಗೆ ಕಂಡ ದೋಷ ಜಮಖಂಡಿಯ ಪೇಟೆಯೊಳಗೆ ಓಡಿಸಿ ನೋಡುವ ಮೆಕ್ಯಾನಿಕ್‌ಗೆ ಕಾಣದಿರಲು ಇಂಥ ಕಾರಣಗಳಿರುತ್ತವೆ. ಯಾವಾಗ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂಬುದನ್ನು ಮಾಲೀಕರು ಸ್ಪಷ್ಟವಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಎಎಂಟಿಯಲ್ಲಿ ಜಾರುವುದು ಹೆಚ್ಚಾಗಿ ಸಾಮಾನ್ಯ ಕ್ಲಚ್ಚೇ. ದಟ್ಟಣೆಯಲ್ಲಿ ಇಂಚಿಂಚು ಸರಿದು ಸವೆದ ಅದನ್ನು ಬದಲಿಸಿದರೆ ಸಾಕು, ಇಡೀ ಗೇರ್ ಬಾಕ್ಸ್ ಬೇಕಿಲ್ಲ. ಆದರೆ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿಕೊಡಬೇಕು. ಸೂಕ್ತ ಸಾಧನವಿಲ್ಲದ ಕಡೆ ಈ ಕೆಲಸ ಅರ್ಧಕ್ಕೇ ನಿಂತು, ಹೊಸ ಕ್ಲಚ್ಚಿನ ಕಾರೂ ಹಳೆಯದರಂತೆಯೇ ಎಳೆದಾಡುತ್ತದೆ.

ಕೋಡು ತೀರ್ಪಲ್ಲ, ದೂರು

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಎಂಬ ಸ್ವಯಂಪರೀಕ್ಷಾ ವ್ಯವಸ್ಥೆ ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರು ತಾನು ಕಂಡ ದೋಷವನ್ನು ಸಂಕೇತದಲ್ಲಿ ಹೇಳುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಪಿ0420 ಎಂದರೆ ಕನ್ವರ್ಟರಿನ ಕ್ಷಮತೆ ಕುಗ್ಗಿದೆ. ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಸಾಲದು. ಪಿ0700 ಎಂದರೆ ಗೇರ್ ಬಾಕ್ಸಿನ ಕಂಪ್ಯೂಟರು ಏನೋ ದೂರುತ್ತಿದೆ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಪಿ0171 ಬಂದ ಕೂಡಲೇ ಆಮ್ಲಜನಕದ ಸೆನ್ಸರ್ ಬದಲಿಸುವುದು ವಾಡಿಕೆ. ಆದರೆ ಆ ಸೆನ್ಸರು ಬರೀ ಸುದ್ದಿ ತಂದ ದೂತ. ಇಂಧನ ಸಾಲದಿರಲು ಬಿರಿದ ಪೈಪಿನಿಂದ ನುಸುಳಿದ ಗಾಳಿ, ಕೊಳೆಯಾದ ಗಾಳಿಯ ಸೆನ್ಸರು, ದಣಿದ ಪಂಪು, ಕಟ್ಟಿದ ಇಂಜೆಕ್ಟರು, ಯಾವುದೂ ಕಾರಣವಾಗಬಹುದು. ವೈದ್ಯರ ಥರ್ಮಾಮೀಟರು ಜ್ವರವಿದೆ ಎಂದು ಹೇಳುತ್ತದೆಯೇ ಹೊರತು ಮಲೇರಿಯವೋ ಟೈಫಾಯಿಡೋ ಎಂದು ಹೇಳುವುದಿಲ್ಲ. ಸಂಕೇತವನ್ನು ಓದುವುದು ಎರಡು ನಿಮಿಷದ ಕೆಲಸ. ಅದರ ಕಾರಣ ಹುಡುಕುವುದು ವಿದ್ಯೆ.

ಪಾಲಕರು ಕೇಳಬೇಕಾದ ಪ್ರಶ್ನೆ

ಗ್ಯಾರೇಜಿನಲ್ಲಿ ಬಿಡಿಭಾಗ ಬದಲಿಸಲು ಒಪ್ಪಿಗೆ ಕೇಳಿದಾಗ ಮಾಲೀಕರು ಒಂದೇ ಪ್ರಶ್ನೆ ಕೇಳಿದರೆ ಸಾಕು: 'ಏನು ಅಳತೆ ಮಾಡಿ ಈ ತೀರ್ಮಾನಕ್ಕೆ ಬಂದಿರಿ?' ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಗೇಜಿನ ಅಂಕಿ ತೋರಿಸುತ್ತಾನೆ. 'ಹಾಕಿ ನೋಡೋಣ' ಎಂಬ ಉತ್ತರ ಬಂದರೆ ಆ ನೋಡುವ ಖರ್ಚು ತಮ್ಮದೇ ಎಂಬುದನ್ನು ನೆನಪಿಡಬೇಕು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುವುದು, ಆದ ಕೆಲಸವನ್ನು ದಿನಾಂಕ ಹಾಗೂ ಓಡಿದ ಕಿ.ಮೀ. ಸಮೇತ ಒಂದು ವಹಿಯಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ಹಳೆಯ ಆಟೋಮ್ಯಾಟಿಕ್ ಕಾರು ಕೊಳ್ಳುವವರೂ ಬಣ್ಣ, ಸೀಟು ನೋಡುವ ಮೊದಲು ಗೇರ್ ಬಾಕ್ಸಿನ ಎಣ್ಣೆ ಯಾವಾಗ ಬದಲಾಗಿದೆ ಎಂಬ ದಾಖಲೆ ಕೇಳಬೇಕು. ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ ಓಡಿಸಿ ನೋಡಬೇಕು.

ಮಕ್ಕಳ ಮುಂದಿನ ದಾರಿಯ ಚಿಂತೆಯಲ್ಲಿರುವ ಪಾಲಕರು ಗಮನಿಸಬೇಕಾದ ಸಂಗತಿಯೊಂದಿದೆ. ಹಿಂದೆ ಗ್ಯಾರೇಜಿನ ಕೆಲಸವೆಂದರೆ ಓದು ಹತ್ತದ ಹುಡುಗರಿಗೆ ಎಂಬ ಭಾವನೆಯಿತ್ತು. ಈಗಿನ ಕಾರಿನ ರೋಗ ಹುಡುಕುವವನಿಗೆ ಭೌತಶಾಸ್ತ್ರದ ಒತ್ತಡ ಗೊತ್ತಿರಬೇಕು, ರಸಾಯನಶಾಸ್ತ್ರದ ದಹನ ಗೊತ್ತಿರಬೇಕು, ವಿದ್ಯುತ್ತಿನ ವೋಲ್ಟೇಜು ಅಳೆಯಲು ಬರಬೇಕು, ಇಂಗ್ಲಿಷ್ ಕೈಪಿಡಿ ಓದಿ ಅರ್ಥಮಾಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ತರಬೇತಿಯಿದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೋಮೊಬೈಲ್ ವಿಷಯದ ಮೂರು ವರ್ಷದ ಡಿಪ್ಲೊಮಾ ಇದೆ. ಇವು ಬುದ್ಧಿಗೆ ಸವಾಲೊಡ್ಡುವ ವಿದ್ಯೆಗಳೇ.

ಈ ವಿದ್ಯೆಯ ತಿರುಳು ಇಲ್ಲಿಯವರಿಗೆ ಪರಕೀಯವೂ ಅಲ್ಲ. ಬನಹಟ್ಟಿಯ ನೇಕಾರ ಸೀರೆಯಲ್ಲಿ ದೋಷ ಕಂಡರೆ ಇಡೀ ಮಗ್ಗವನ್ನು ಬದಲಿಸಲು ಹೊರಡುವುದಿಲ್ಲ. ದೋಷ ಹಾಸಿನಲ್ಲೋ, ಹೊಕ್ಕಿನಲ್ಲೋ, ಲಾಳಿಯಲ್ಲೋ ಎಂದು ಎಳೆ ಹಿಡಿದು ಹಿಂದೆ ಹಿಂದೆ ಹೋಗಿ, ಕಡಿದ ಆ ಒಂದು ಎಳೆಯನ್ನಷ್ಟೇ ಗಂಟು ಹಾಕುತ್ತಾನೆ. ಎಳೆಯಲೊಲ್ಲದ ಕಾರಿನ ಮುಂದೆ ನಿಂತವರಿಗೆ ಬೇಕಾದದ್ದೂ ಆ ತಾಳ್ಮೆಯೇ. ಅಷ್ಟು ದಿನ ಕಬ್ಬಿನ ಗಾಡಿಯ ಹಿಂದೆ ನಿಧಾನವಾಗಿ ಹೋದರೆ ಯಾರದೂ ಏನೂ ಕಳೆದುಹೋಗುವುದಿಲ್ಲ.